ಕತ್ತಲ ದಾರಿಯಲ್ಲಿ ಹಿಡಿದ ಕೈ

ಒಳಗೆ ಹೋದವರು ಎಂಟು ಜನ. ಹೊರಗೆ ಬಂದವರು ಏಳು.

ಇನ್ನೊಮ್ಮೆ ಎಣಿಸಿದೆ. ಹದಿನಾರು ವರ್ಷದಿಂದ ಪ್ರವಾಸಿಗಳ ಮುಂದೆ ಬಾವುಟ ಹಿಡಿದು ನಡೆಯುವವಳು ನಾನು. ತಲೆ ಎಣಿಸುವುದು ನನಗೆ ಉಸಿರಾಡಿದಷ್ಟು ಸಲೀಸು, ಬೆರಳು ಮಡಚಬೇಕಾಗಿಲ್ಲ. ಈ ಸಲ ಮಡಚಿದೆ. ಏಳೇ.

"ರಿತ್ಸು ಅಮ್ಮ ಎಲ್ಲಿ?" ಎಂದೆ.

ಆಗಸ್ಟ್ ತಿಂಗಳ ಮಧ್ಯಾಹ್ನ. ಅಂಗಳದ ಮರಗಳಲ್ಲಿ ಜೀರುಂಡೆಗಳು ಕಿವಿ ಕೊರೆಯುತ್ತಿದ್ದವು. ಕತ್ತಲಿಂದ ಬಂದವರು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಚಪ್ಪಲಿಯ ಚೀಲ ಕೈಯಲ್ಲಿ ಹಿಡಿದು, ಒಬ್ಬರ ಮುಖ ಒಬ್ಬರು ನೋಡಿದರು.

ಕ್ಯೋಟೋದ ಪೂರ್ವದ ಬೆಟ್ಟದ ಬುಡದಲ್ಲಿರುವ ಆ ಚಿಕ್ಕ ದೇವಾಲಯಕ್ಕೆ ಜನ ಬರುವುದೇ ಕತ್ತಲಿಗಾಗಿ. ಬುದ್ಧನ ಮೂರ್ತಿ ಕೂತ ನೆಲದ ಕೆಳಗೆ ಒಂದು ದಾರಿ. ಎಡಗಡೆ ಮೆಟ್ಟಿಲಿಳಿದು, ಗೋಡೆಗೆ ಕಟ್ಟಿದ ದಪ್ಪ ಮರದ ಮಣಿಗಳ ಸರ ಹಿಡಿದು, ಕಣ್ಣಿಲ್ಲದವರ ಹಾಗೆ ನಡೆದು, ಬಲಗಡೆ ಮೆಟ್ಟಿಲು ಹತ್ತಿ ಬರಬೇಕು. ತಾಯಿಯ ಹೊಟ್ಟೆ ಹೊಕ್ಕು ಮತ್ತೆ ಹುಟ್ಟಿ ಬಂದಂತೆ ಅನ್ನುತ್ತಾರೆ. ನಾಲ್ಕು ನಿಮಿಷದ ದಾರಿ. ಕವಲಿಲ್ಲ, ಕಿಟಕಿಯಿಲ್ಲ.

ಎಡ ಮೆಟ್ಟಿಲ ಹತ್ತಿರ ದೇವಾಲಯದ ಮುದಿ ಭಿಕ್ಷು ಕೂತಿದ್ದರು. ಬಲ ಮೆಟ್ಟಿಲ ಹತ್ತಿರ ನಾನಿದ್ದೆ. ನನ್ನ ಪಕ್ಕದ ಬೆಂಚಿನಲ್ಲಿ, ಮಂಡಿ ನೋವಿನಿಂದ ಒಳಗೆ ಹೋಗಲಾರದ ಕುಝೆ ಅವರು ಬೀಸಣಿಗೆ ಬೀಸಿಕೊಳ್ಳುತ್ತಿದ್ದರು. ಆ ಬೀಸಣಿಗೆ ನಿಂತಿತು.

"ಚಿಗುಸಾ," ಅಂದರು ಮೆಲ್ಲಗೆ. "ಎಲ್ಲರನ್ನೂ ಇಲ್ಲೇ ನಿಲ್ಸಮ್ಮ. ಒಬ್ಬರನ್ನೂ ಕದಲೋಕೆ ಬಿಡಬೇಡ."

ಕುಝೆ ತಮೋತ್ಸು ಮೂವತ್ತು ವರ್ಷ ಪೊಲೀಸ್ ಇಲಾಖೆಯಲ್ಲಿ ಪತ್ತೇದಾರರಾಗಿದ್ದು ನಿವೃತ್ತರಾದವರು. ನಮ್ಮ ಬಸ್ಸಿನಲ್ಲಿ ಅವರೂ ಒಬ್ಬ ಪ್ರವಾಸಿ. ಐದು ದಿನದ ಹಿಂದೆ ಕನಜಾವಾ ಊರಿನಲ್ಲಿ ನಮ್ಮ ಗುಂಪಿನ ಮಾಸುಕೋ ಎಂಬ ವಯಸ್ಸಾದ ಹೆಂಗಸು ಕಲ್ಲಿನ ಮೆಟ್ಟಿಲ ಮೇಲಿಂದ ಉರುಳಿ ಸತ್ತಿದ್ದರು. ಅಪಘಾತ ಎಂದು ಎಲ್ಲರೂ ಒಪ್ಪಿಕೊಂಡರು. ಒಪ್ಪದವರು ಒಬ್ಬರೇ, ಅವರ ಬಾಲ್ಯದ ಗೆಳತಿ ರಿತ್ಸು ಅಮ್ಮ.

ಮಾಸುಕೋಗೆ ಹಿಂದೆಮುಂದೆ ಯಾರೂ ಇರಲಿಲ್ಲ. ರಿತ್ಸು ಅಮ್ಮನೇ ನಿಂತು ದಹನ ಮಾಡಿಸಿ, ತಕಯಾಮಾದಲ್ಲಿ ಮತ್ತೆ ನಮ್ಮನ್ನು ಕೂಡಿಕೊಂಡರು. "ಪ್ರವಾಸ ನಿಲ್ಲಿಸಬೇಡಿ," ಎಂದು ನನ್ನ ಕೈ ಹಿಡಿದು ಕೇಳಿಕೊಂಡಿದ್ದರು. "ಅವಳನ್ನ ತಳ್ಳಿದವರು ಈ ಬಸ್ಸಲ್ಲೇ ಇದಾರೆ. ಈಗ ಎಲ್ಲರೂ ಅವರವರ ಮನೆಗೆ ಹೋಗಿಬಿಟ್ರೆ ಇನ್ನೆಲ್ಲಿ ಹುಡುಕ್ಲಿ?"

ಈಗ ಆ ರಿತ್ಸು ಅಮ್ಮನೇ ಇಲ್ಲ.

ಹೊರಗೆ ಬಂದ ಏಳು ಜನರಲ್ಲಿ ನಾಲ್ವರು ಸೆಂದಾಯಿ ಕಡೆಯ ಒಂದೇ ಮನೆಯವರು. ಗುಂಪಾಗಿ ಮುಂದೆ ಹೋಗಿ, ನಗುತ್ತ ಮಾತಾಡುತ್ತ ಮೊದಲೇ ಹೊರಗೆ ಬಂದಿದ್ದರು. ಅವರ ಹಿಂದೆ ಹೋಗಿದ್ದವರು ಹಿದೆಕೊ. ಸಿಹಿತಿಂಡಿ ಅಂಗಡಿ ನಡೆಸುವ ವಿಧವೆ, ಬಸ್ಸಿನಲ್ಲಿ ಎಲ್ಲರಿಗೂ ಅಕ್ಕ. ಅವರ ಹಿಂದೆ ನಿವೃತ್ತ ಹೆಡ್‌ಮಾಸ್ತರ್ ಅಂಝೈ. ಅಂಝೈ ಹಿಂದೆ ರಿತ್ಸು ಅಮ್ಮ. ಕೊನೆಗೆ ಅಯಾನೊ.

ಅಯಾನೊ ಪುಸ್ತಕದಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ಮೂವತ್ತು ದಾಟಿಲ್ಲ. ಒಂಟಿಯಾಗಿ ಪ್ರವಾಸಕ್ಕೆ ಬಂದವಳು. ಈಗ ಅವಳು ಕಂಬಕ್ಕೆ ಒರಗಿ ನಿಂತಿದ್ದಳು.

"ಅಯಾನೊ, ರಿತ್ಸು ಅಮ್ಮ ನಿನ್ನ ಮುಂದೇನೇ ಇದ್ರಲ್ವಾ?" ಎಂದು ಕೇಳಿದೆ.

"ಇದ್ರು. ಮಧ್ಯದಲ್ಲಿ ನನ್ನ ಕೈ ಹಿಡ್ಕೊಂಡ್ರು."

"ಯಾರು?"

"ರಿತ್ಸು ಅಮ್ಮ ಅಂದ್ಕೊಂಡೆ. ಹೆದರಿರಬೇಕು ಪಾಪ ಅಂತ ಸುಮ್ಮನಿದ್ದೆ. ಬಿಗಿಯಾಗಿ ಹಿಡಿದಿದ್ರು, ತುಂಬಾ ಹೊತ್ತು. ಆಮೇಲೆ ಬಿಟ್ರು." ಅವಳು ತನ್ನ ಬಲಗೈಯನ್ನು ಎಡಗೈಯಿಂದ ಉಜ್ಜಿಕೊಂಡಳು. "ಆದ್ರೆ ರಿತ್ಸು ಅಮ್ಮನ ಬೆರಳಿನ ಗಿಣ್ಣು ಊದಿಕೊಂಡಿರತ್ತೆ. ದಿನಾ ಬಸ್ ಹತ್ತಿಸುವಾಗ ನಾನೇ ಕೈ ಕೊಡ್ತೀನಿ, ನಂಗೊತ್ತು. ಆ ಕೈ... ಅದು ಅವರದಲ್ಲ."

ಎಲ್ಲರೂ ಕೇಳಿಸಿಕೊಂಡರು. ಅದನ್ನು ಎಲ್ಲರ ಎದುರಿಗೇ ಕೇಳಿದ್ದು ನನ್ನ ಮೊದಲ ತಪ್ಪು.

ಎರಡನೆಯ ತಪ್ಪು ಅದರ ಬೆನ್ನಿಗೇ ಆಯಿತು. ಅಯಾನೊ ಕಂಬದ ಬುಡಕ್ಕೆ ಕುಸಿದಳು. ಹಿದೆಕೊ ಅಕ್ಕ ಓಡಿ ಬಂದು ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು, ಒದ್ದೆ ಬಟ್ಟೆ ಹಣೆಗಿಟ್ಟರು, ಬಾರ್ಲಿ ಚಹಾ ಕುಡಿಸಿದರು.

"ಬಿಸಿಲು ಬಡಿದಿದೆ ಮಗೂಗೆ," ಅಂದರು. "ಚಿಗುಸಾ, ಇವಳನ್ನ ಹೀಗೆ ಇಟ್ಕೊಂಡು ವಿಚಾರಣೆ ಮಾಡ್ತೀರಾ? ನಮ್ಮ ವಸತಿಗೃಹ ಹತ್ತು ನಿಮಿಷ ಅಷ್ಟೆ. ಒಂದು ಟ್ಯಾಕ್ಸಿ ಕರೀರಿ, ನಾನು ಕರ್ಕೊಂಡು ಹೋಗಿ ಮಲಗಿಸ್ತೀನಿ."

ಕುಝೆ ಅವರು ಆಗ ಭಿಕ್ಷುವಿನ ಹತ್ತಿರ ಹೋಗಿದ್ದರು. ಕದಲಲು ಬಿಡಬೇಡ ಅಂದದ್ದು ನೆನಪಿತ್ತು. ಆದರೆ ಅದು ಗಂಡಸರಿಗೆ, ಗಟ್ಟಿ ಇರುವವರಿಗೆ ಹೇಳಿದ ಮಾತು ಅನ್ನಿಸಿತು. ಸೊರಗಿ ಬಿದ್ದ ಹುಡುಗಿಗೂ ಅವಳ ತಲೆ ನೇವರಿಸುವ ಹೆಂಗಸಿಗೂ ಅಲ್ಲ.

ಟ್ಯಾಕ್ಸಿ ಬಂತು. ಹತ್ತುವಾಗ ಅಯಾನೊ ನನ್ನನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಹಿದೆಕೊ ಅಕ್ಕ ಅವಳ ಬೆನ್ನಿಗೆ ಕೈ ಹಾಕಿ, "ಮಾತಾಡಬೇಡ, ಸುಸ್ತಾಗತ್ತೆ," ಎಂದು ಒಳಗೆ ಕೂರಿಸಿದರು. ಬಾಗಿಲು ಮುಚ್ಚಿತು.

ಸೆಂದಾಯಿಯವರನ್ನು ಬಸ್ಸಿನಲ್ಲಿ ಕೂರಿಸಿದೆ. ಅಂಝೈ ಮಾತ್ರ ಬಸ್ಸಿಗೆ ಹೋಗದೆ ಕಲ್ಲಿನ ದೀಪಸ್ತಂಭದ ನೆರಳಲ್ಲಿ ನಿಂತಿದ್ದರು. ಇಸ್ತ್ರಿ ಮಾಡಿದ ಅವರ ಪ್ಯಾಂಟಿನ ಎರಡೂ ಮಂಡಿಗೆ ಧೂಳು ಮೆತ್ತಿತ್ತು. ಕುಝೆ ಅವರೂ ಅದನ್ನು ನೋಡಿದ್ದರು.

"ಠಾಣೆಗೆ ಫೋನ್ ಮಾಡಿದೆ," ಅಂದರು ನನಗೆ. "ಕಳೆದುಹೋಗಿ ಎಷ್ಟು ಹೊತ್ತಾಯ್ತು ಅಂದ್ರು. ಕಾಲು ಗಂಟೆ ಅಂದೆ. ದೇವಾಲಯದಲ್ಲೇ ಇನ್ನೊಮ್ಮೆ ಹುಡುಕಿ ಅಂದ್ರು. ನಾನಿದ್ದಿದ್ರೂ ಹಾಗೇ ಹೇಳ್ತಿದ್ದೆ. ಚಿಗುಸಾ, ನನ್ನ ಕಾಲು ಆ ಮೆಟ್ಟಿಲು ಇಳಿಯಲ್ಲ. ಹೋಗ್ತೀಯಾ?"

ಹೋಗಲೇಬೇಕಿತ್ತು. ಫೋನಿನ ದೀಪ ಹಚ್ಚಿಕೊಂಡು ಎಡ ಮೆಟ್ಟಿಲಿಳಿದೆ. ಒಳಗೆ ಬೆಳಕು ಒಯ್ಯಬಾರದೆಂಬ ಕಟ್ಟಳೆ ಇದೆ. ಆದರೂ ಭಿಕ್ಷು ನನ್ನನ್ನು ತಡೆಯಲಿಲ್ಲ. ತಲೆ ತಗ್ಗಿಸಿ ಕೂತಿದ್ದರು. ಅದೇಕೋ ನನಗೆ ಹಿಡಿಸಲಿಲ್ಲ.

ಹತ್ತು ಹೆಜ್ಜೆಗೆ ಜೀರುಂಡೆಗಳ ಸದ್ದು ಕತ್ತರಿಸಿದಂತೆ ನಿಂತಿತು. ತಣ್ಣಗಿನ ಗಾಳಿ, ಹಳೆಯ ಮರ, ಊದುಬತ್ತಿಯ ವಾಸನೆ. ಗೋಡೆಗೆ ಕಪ್ಪು ಬಣ್ಣದ ಹಲಗೆಗಳು. ಸಾವಿರಾರು ಕೈಗಳು ಸವರಿ ನುಣುಪಾದ ಮಣಿಗಳು. ಮೊದಲ ತಿರುವು. ಎರಡನೆಯದು. ಬೆಳಕು ಹೋದಲ್ಲೆಲ್ಲ ನೆಲ, ಗೋಡೆ, ಅಷ್ಟೇ. ಚಪ್ಪಲಿ ಬಿದ್ದಿಲ್ಲ, ರಕ್ತವಿಲ್ಲ, ಒಂದು ಕರವಸ್ತ್ರ ಕೂಡ ಇಲ್ಲ. ಎಪ್ಪತ್ತೆರಡು ವರ್ಷದ ಹೆಂಗಸು ಗಾಳಿಯಲ್ಲಿ ಕರಗಿದಂತೆ.

ಮೂರನೆಯ ತಿರುವಿನಲ್ಲಿ ನನ್ನ ಹೆಗಲ ಹತ್ತಿರದ ಹಲಗೆ ಸದ್ದು ಮಾಡಿತು.

ಟಕ್.

ನಾನು ಅಲ್ಲೇ ನಿಂತೆ. ಇಲಿ ಇರಬೇಕು ಅಂದುಕೊಂಡೆ. ಇಲಿಯೇ ಆಗಿರಲಿ ಅಂದುಕೊಂಡೆ.

ಟಕ್, ಟಕ್.

"ಬೆಳಕು ಆರಿಸಿ," ಎಂದಿತು ಗೋಡೆ.

ಫೋನು ಕೈಯಿಂದ ಜಾರಿ ನೆಲಕ್ಕೆ ಬಿದ್ದು, ದೀಪ ಕೆಳಮುಖವಾಗಿ, ಎಲ್ಲ ಕಪ್ಪಾಯಿತು. ಆ ಕಪ್ಪಿನಲ್ಲಿ ಹಲಗೆ ಸರಿಯುವ ಸದ್ದು. ಒಂದು ಕೈ ನನ್ನ ಮಣಿಕಟ್ಟು ಹುಡುಕಿ ಹಿಡಿಯಿತು. ಬೆರಳ ಗಿಣ್ಣುಗಳು ಊದಿದ್ದವು.

"ಚಿಗುಸಾ ಅವರೇ, ನಾನೇ. ಕೂಗಬೇಡಿ. ನಿಮ್ಮ ಹಿಂದೆ ಯಾರಾದ್ರೂ ಬಂದಿದಾರಾ?"

"ರಿತ್ಸು ಅಮ್ಮ!" ಅಷ್ಟು ಹೇಳುವಷ್ಟರಲ್ಲಿ ನನ್ನ ಕಣ್ಣಲ್ಲಿ ನೀರು ಬಂದಿತ್ತು, ಸಿಟ್ಟಿಗೋ ಸಮಾಧಾನಕ್ಕೋ ತಿಳಿಯದು.

ಹಲಗೆಯ ಹಿಂದೆ ಮೇಣದಬತ್ತಿ ಇಡುವ ಕಿರಿದಾದ ಕೋಣೆ. ಅಲ್ಲಿಂದ ಕಡಿದಾದ ಏಣಿಯೊಂದು ಮೇಲೆ ಭಿಕ್ಷುವಿನ ಕೋಣೆಗೆ ಹೋಗುತ್ತದೆ. ಹತ್ತೇ ನಿಮಿಷದಲ್ಲಿ ನಾವು ಆ ಕೋಣೆಯ ಚಾಪೆಯ ಮೇಲಿದ್ದೆವು. ಕುಝೆ ಅವರನ್ನೂ ಕರೆಸಿದೆ. ಭಿಕ್ಷು ಬಾಗಿಲಲ್ಲಿ ಕೂತು ನೆಲ ನೋಡುತ್ತಿದ್ದರು.

"ಅವರನ್ನ ಬೈಬೇಡಿ," ಅಂದರು ರಿತ್ಸು ಅಮ್ಮ. "ನಮ್ಮ ಯಜಮಾನರ ಸ್ನೇಹಿತರು. ನಾನೇ ಬೇಡಿಕೊಂಡೆ. ತಕಯಾಮಾದಿಂದ ಕೊಲೆಗಾರರ ಜೊತೆ ಕೂತು ಊಟ ಮಾಡ್ತಿದೀನಿ, ಯಾರು ಅಂತ ಗೊತ್ತಿಲ್ಲ. ಕತ್ತಲು ಸಿಕ್ಕಿದ್ರೆ ಅವರು ಸುಮ್ನಿರಲ್ಲ ಅಂತ ಗೊತ್ತಿತ್ತು. ಅದಕ್ಕೇ ನಾನು ಹಲಗೆ ಹಿಂದೆ ಸರಿದು ಕಿವಿ ಕೊಟ್ಟು ನಿಂತೆ."

"ಏನು ಕೇಳಿಸ್ತು?" ಕುಝೆ ಅವರ ದನಿಯಲ್ಲಿ ಮೃದುತನ ಇರಲಿಲ್ಲ.

"ಹಲಗೆ ಹತ್ರಾನೇ ಒಂದು ಪಿಸುಮಾತು. 'ಮಾಸುಕೋ ಬರೆದಿಟ್ಟ ಕಾಗದ ನಿನ್ನ ಹತ್ರ ಇದೆ ಅಂತ ಗೊತ್ತು. ಮುಂದಿನ ಊರು ನಾರಾ ತಲುಪೋದ್ರೊಳಗೆ ಕೊಡು. ಬಾಯಿ ಬಿಟ್ರೆ ಅವಳ ಹಿಂದೇನೇ ಹೋಗ್ತೀಯ.' ಅಷ್ಟೆ."

"ಗಂಡಸಾ, ಹೆಂಗಸಾ?"

"ಪಿಸುಮಾತಲ್ವಾ. ಅದರಲ್ಲಿ ಗಂಡು ಯಾವುದು, ಹೆಣ್ಣು ಯಾವುದು."

ಕುಝೆ ಅವರು ಒಂದೊಂದೇ ಮಾತು ಇಟ್ಟರು. "ಅಮ್ಮ, ಅದು ನಿಮಗೆ ಹೇಳಿದ ಮಾತು. ಕತ್ತಲಲ್ಲಿ ನಿಮ್ಮ ಕೈ ಅಂದ್ಕೊಂಡು ಹಿಡಿದಿದ್ದು ಅಯಾನೊ ಕೈನ. ನೀವು ಬಲೆ ಹಾಕಿದ್ರಿ. ಆ ಹುಡುಗೀನ ಅದರೊಳಗೆ ನಿಲ್ಲಿಸಿ ಬಂದ್ರಿ."

ರಿತ್ಸು ಅಮ್ಮನ ಮುಖ ಬಿಳಿಚಿತು. ಆ ಮಾತು ಅವರ ಲೆಕ್ಕದಲ್ಲೇ ಇರಲಿಲ್ಲ ಎಂದು ನೋಡಿದರೇ ತಿಳಿಯುತ್ತಿತ್ತು.

"ಅವಳು ನಮಗೆ ಅರ್ಧ ಮಾತ್ರ ಹೇಳಿದಾಳೆ," ಅಂದರು ಕುಝೆ. "ಬಾಯಿ ಬಿಟ್ರೆ ಸಾಯ್ತೀಯ ಅಂದೋರು ಎದುರಿಗೇ ನಿಂತಿದ್ರಲ್ಲ. ಈಗೆಲ್ಲಿ ಅವಳು?"

"ವಸತಿಗೃಹಕ್ಕೆ ಕಳಿಸಿದೆ. ಹಿದೆಕೊ ಅಕ್ಕ ಜೊತೆಗಿದಾರೆ," ಎಂದೆ.

ಅವರು ಹುಬ್ಬು ಗಂಟಿಕ್ಕಿದರೂ ತಲೆಯಾಡಿಸಿದರು. "ಸರಿ. ಸೆಂದಾಯಿಯವರು ಮೊದಲೇ ಹೊರಗೆ ಬಂದಿದ್ರು. ಹಾಗಾದ್ರೆ ಇಲ್ಲಿ ಉಳಿದಿರೋದು ಒಬ್ಬರೇ. ಮೇಷ್ಟ್ರನ್ನ ಕರಿ."

ರಿತ್ಸು ಅಮ್ಮ ಕಾಗದದ ತೆರೆಯ ಹಿಂದೆ ಕೂತರು. ಅಂಝೈ ಒಳಗೆ ಬಂದರು; ಎಂದಿನಂತೆ ಎದೆ ಮುಂದೆ, ಗಲ್ಲ ಮೇಲೆ. ಕೂತುಕೊಳ್ಳುವ ಮುಂಚೆ ಮಂಡಿಯ ಧೂಳು ಕೊಡವಿಕೊಂಡರು. ಅದು ಹೋಗಲಿಲ್ಲ.

"ಏನ್ರೀ ಇದು?" ಅಂದರು. "ಮುದುಕಿ ಕಾಣದಿದ್ರೆ ಪೊಲೀಸರನ್ನ ಕರೀಬೇಕು. ಪಿಂಚಣಿ ತಗೊಳ್ಳೋ ಪೊಲೀಸರನ್ನಲ್ಲ."

"ಪಿಂಚಣಿ ನಿಮಗೂ ಬರತ್ತಲ್ಲ ಮೇಷ್ಟ್ರೇ. ನಾವಿಬ್ಬರೂ ಒಂದೇ ಬೆಂಚಿನವರು. ಕೂತ್ಕೊಳಿ. ಕತ್ತಲಲ್ಲಿ ನಿಮ್ಮ ಹಿಂದೆ ಯಾರಿದ್ರು?"

"ರಿತ್ಸು. ಅವರ ಹಿಂದೆ ಆ ಹುಡುಗಿ."

"ಆ ಹುಡುಗಿ ಕೈನ ಯಾರೋ ಹಿಡಿದ್ರು. ಮುಂದಿಂದ ಹಿಂದಕ್ಕೆ ಬಂದು ಹಿಡಿದ್ರು. ಅವಳಿಗೆ ಹತ್ತಿರ ಇದ್ದೋರು ನೀವು."

"ನಾನು ಯಾರ ಕೈಯನ್ನೂ ಹಿಡೀಲಿಲ್ಲ."

"ಮಂಡಿಗೆ ಧೂಳು ಹೇಗಾಯ್ತು?"

"ಎಡವಿದೆ."

"ಎಡವಿದೋರ ಅಂಗೈಗೂ ಧೂಳಾಗತ್ತೆ. ನಿಮ್ಮ ಅಂಗೈ ಚೊಕ್ಕಟವಾಗಿದೆ. ನೀವು ಮಂಡಿಯೂರಿ ಕೂತಿದ್ರಿ ಮೇಷ್ಟ್ರೇ. ಯಾರಿಗಾಗಿ ಕಾಯ್ತಾ ಕೂತಿದ್ರಿ? ಕನಜಾವಾದಲ್ಲಿ ಮಾಸುಕೋಗೆ ಕಾದ ಹಾಗಾ?"

"ಬಾಯಿಗೆ ಬಂದ ಹಾಗೆ ಮಾತಾಡಬೇಡಿ!" ಅಂಝೈ ಎದ್ದು ನಿಂತರು. ಕುಝೆ ಅವರು ಏನೂ ಕೇಳದೆ ಅವರನ್ನೇ ನೋಡುತ್ತ ಕೂತರು. ಹೊರಗೆ ಜೀರುಂಡೆಗಳು ಒಮ್ಮೆಲೇ ನಿಂತು, ಮತ್ತೆ ಶುರುವಾದವು.

ಅಂಝೈ ನಿಧಾನವಾಗಿ ಕೂತರು.

"ಆರು ವರ್ಷದವನಿದ್ದಾಗ ನಮ್ಮಪ್ಪ ನನ್ನನ್ನ ಉಗ್ರಾಣದೊಳಗೆ ಹಾಕಿ ಚಿಲಕ ಹಾಕಿದ್ರು," ಅಂದರು. ದನಿ ಬೇರೆ ಯಾರದೋ ಆಗಿತ್ತು. "ಒಂದಿಡೀ ದಿನ. ಅವತ್ತಿಂದ ಕತ್ತಲು ಅಂದ್ರೆ ನಂಗಾಗಲ್ಲ. ಮೂವತ್ತೆಂಟು ವರ್ಷ ಮಕ್ಕಳಿಗೆ ಹೆದರಬೇಡಿ, ಹೆದರಬೇಡಿ ಅಂತ ಕಿರುಚಿದೀನಿ. ಇವತ್ತು ಹೋಗಲ್ಲ ಅಂದಿದ್ರೆ ನೀವೆಲ್ಲ ನಗ್ತಿದ್ರಿ. ಅದಕ್ಕೇ ಹೋದೆ. ಮಧ್ಯಕ್ಕೆ ಹೋದಾಗ ಕಾಲು ಬಿದ್ದುಹೋಯ್ತು. ಗೋಡೆಗೆ ಮುಖ ಮಾಡಿ, ಮಂಡಿಯೂರಿ ಕೂತುಬಿಟ್ಟೆ. ಅತ್ತೆ ಕಣ್ರೀ. ಸಾಕಾ?"

ನನಗೆ ತಲೆಯೆತ್ತಿ ಅವರನ್ನು ನೋಡಲಾಗಲಿಲ್ಲ.

ಕುಝೆ ಅವರ ದನಿ ತಗ್ಗಿತು. "ಆಗ ನಿಮ್ಮ ಪಕ್ಕದಲ್ಲಿ ಯಾರು ಹೋದ್ರು?"

"ಹಿಂದಕ್ಕೆ ಹೋದ್ರು. ಮುಂದಿಂದ ಬಂದು, ನನ್ನ ದಾಟಿ, ಹಿಂದಕ್ಕೆ. ಸ್ವಲ್ಪ ಹೊತ್ತಿಗೆ ವಾಪಸ್ ಬಂದ್ರು. ಬರೋವಾಗ ನನ್ನ ಕಾಲು ತಗಲಿತು ಅವರಿಗೆ. ನಿಂತ್ರು. ಭುಜ ತಟ್ಟಿ ಮೆತ್ತಗೆ ಹೇಳಿದ್ರು, 'ಏಳಿ ಮೇಷ್ಟ್ರೇ, ನೀವು ಅತ್ತಿದ್ದು ನಾನು ಯಾರಿಗೂ ಹೇಳಲ್ಲ. ನೀವೂ ನನ್ನ ವಿಷಯ ಹೇಳಬೇಡಿ.'" ಅವರು ಕರವಸ್ತ್ರದಿಂದ ಹಣೆ ಒರೆಸಿಕೊಂಡರು. "ಅವರೂ ಹೆದರಿ ದಾರಿ ತಪ್ಪಿರಬೇಕು, ಅದಕ್ಕೇ ಹಾಗಂದ್ರು ಅಂದ್ಕೊಂಡೆ. ಒಳ್ಳೆಯ ಹೆಂಗಸಲ್ವಾ ಹಿದೆಕೊ."

ನಾನು ಫೋನು ಹೊರತೆಗೆದೆ.

ಟ್ಯಾಕ್ಸಿಯ ಬಾಗಿಲು, ಅಯಾನೊಳ ತೆರೆದ ಬಾಯಿ, ಬೆನ್ನಿನ ಮೇಲಿನ ಆ ಕೈ ಕಣ್ಣ ಮುಂದೆ ಬಂದವು. ಅವರು ಹೊರಟು ಮುಕ್ಕಾಲು ಗಂಟೆಯಾಗಿತ್ತು. ವಸತಿಗೃಹಕ್ಕೆ ಫೋನ್ ಮಾಡಿದೆ. ಯಜಮಾನಿ ಹೇಳಿದಳು, ನಿಮ್ಮವರು ಯಾರೂ ಬಂದಿಲ್ಲವಲ್ಲ.

"ಹುಡುಗಿಗೆ ಮಾಡು," ಅಂದರು ಕುಝೆ. "ಎಲ್ಲರಿಗೂ ಕೇಳೋ ಹಾಗೆ ಇಡು."

ಆರು ಸಲ ಗಂಟೆ ಬಡಿಯಿತು. ಏಳನೆಯದಕ್ಕೆ ಎತ್ತಿದರು.

"ಹಲೋ, ಚಿಗುಸಾ?" ಹಿದೆಕೊ ಅಕ್ಕನ ದನಿ, ಎಂದಿನಂತೆ ಅಕ್ಕರೆಯದು. "ಮಗು ಮಲಗಿದೆ. ರೂಮಲ್ಲೇ ಇದೀವಿ, ಏನೂ ಯೋಚನೆ ಮಾಡಬೇಡಿ."

ಅವರ ಮಾತಿನ ಹಿಂದೆ ನೀರು ಬಂಡೆಗೆ ಬಡಿದು ಹರಿಯುವ ಸದ್ದಿತ್ತು. ದೂರದಲ್ಲೆಲ್ಲೋ ರೈಲ್ವೆ ಗೇಟಿನ ಗಂಟೆ ಹೊಡೆಯುತ್ತಿತ್ತು. ನಮ್ಮ ವಸತಿಗೃಹದ ಹತ್ತಿರ ಹೊಳೆಯೂ ಇಲ್ಲ, ಹಳಿಯೂ ಇಲ್ಲ.

"ಅಯಾನೊ ಹತ್ರ ಒಂದು ಮಾತಾಡಬಹುದಾ ಅಕ್ಕ?"

"ಎಬ್ಬಿಸೋದು ಬೇಡ." ಸ್ವಲ್ಪ ತಡೆದು, "ಅಂದ ಹಾಗೆ, ರಿತ್ಸು ಅಮ್ಮ ಸಿಕ್ಕಿದ್ರಾ?"

ಕುಝೆ ಅವರು ಬೇಡವೆಂದು ಕೈಯಾಡಿಸಿದರು. "ಇಲ್ಲ," ಎಂದೆ.

"ನಿಮಗೆ ಸುಳ್ಳು ಹೇಳೋಕೆ ಬರಲ್ಲ ಚಿಗುಸಾ. ಸಿಗದಿದ್ರೆ ನೀವು ಅಳ್ತಾ ಇರ್ತಿದ್ರಿ." ಅಕ್ಕರೆ ಹಾಗೇ ಇತ್ತು, ಅದೇ ಹೆಚ್ಚು ಭಯ ಹುಟ್ಟಿಸಿತು. "ಪಕ್ಕದಲ್ಲೇ ಇದ್ರೆ ಕೊಡಿ ಅವರಿಗೆ."

ತೆರೆ ಸರಿಯಿತು. ಅಂಝೈ ಬೆಚ್ಚಿ ಹಿಂದೆ ಸರಿದರು. ರಿತ್ಸು ಅಮ್ಮ ಚಾಪೆಯ ಮೇಲೆ ಮೊಣಕಾಲೂರಿ ಬಂದು ಫೋನಿನ ಮುಂದೆ ಬಾಗಿದರು.

"ಇದೀನಿ. ಆ ಮಗುಗೆ ಏನೂ ಗೊತ್ತಿಲ್ಲ. ಬಿಟ್ಟುಬಿಡು."

"ಕಾಗದ?"

"ನನ್ನ ಹತ್ರ ಇದೆ."

"ಮಾಸುಕೋ ಅಂಟಿಸಿ ಕೊಟ್ಟ ಹಾಗೇ ಇದೆಯಾ? ಒಡೆದಿಲ್ಲ ತಾನೇ?"

"ಒಡೆದಿಲ್ಲ."

"ಐದು ಗಂಟೆಗೆ ಫೋನ್ ಮಾಡಿ ಎಲ್ಲಿಗೆ ಅಂತ ಹೇಳ್ತೀನಿ. ಒಬ್ಬಳೇ ಬಾ. ಕಾಗದ ನೋಡಿದ ಮೇಲೆ ಹುಡುಗೀನ ಕಳಿಸ್ತೀನಿ. ಕುಂಟ ಪೊಲೀಸು ಬಂದ್ರೆ ಕಳಿಸಲ್ಲ."

ಆ ಕಡೆ ಕಟ್ಟಾಗುವ ಮುಂಚೆ ನೀರಿನ ಸದ್ದಿನ ನಡುವೆ ಯಾರೋ ಬಿಕ್ಕಿದ್ದು ಕೇಳಿಸಿತು. ಬದುಕಿದ್ದಾಳೆ. ಗಡಿಯಾರ ನೋಡಿದೆ, ಮೂರೂ ಇಪ್ಪತ್ತು.

ಕುಝೆ ಅವರು ಆಗಲೇ ತಮ್ಮ ಫೋನು ತೆಗೆದಿದ್ದರು. "ಇಲ್ಲಿನ ಠಾಣೆಯಲ್ಲಿ ನನ್ನ ಕೈಕೆಳಗೆ ಇದ್ದವನೊಬ್ಬ ಇದಾನೆ. ಹೊಳೆ, ರೈಲ್ವೆ ಗೇಟು ಎರಡೂ ಹತ್ತಿರ ಇರೋ ಜಾಗ ಎಷ್ಟಿವೆ ಹುಡುಕಿಸ್ತೀನಿ. ಅಮ್ಮ, ಆ ಕಾಗದ ಕೊಡಿ. ಅದರಲ್ಲೇನಿದೆ ಅಂತ ಗೊತ್ತಾದ್ರೆ ಅವಳು ಎಲ್ಲಿವರೆಗೂ ಹೋಗ್ತಾಳೆ ಅಂತ ಗೊತ್ತಾಗತ್ತೆ."

ರಿತ್ಸು ಅಮ್ಮ ಊದಿದ ಬೆರಳುಗಳನ್ನು ತೊಡೆಯ ಮೇಲೆ ಜೋಡಿಸಿಕೊಂಡು ಚಾಪೆ ನೋಡುತ್ತ ಕೂತಿದ್ದರು.

"ಅಮ್ಮ? ಎಲ್ಲಿದೆ?"

"'ನಾನು ಸತ್ರೆ ಇದನ್ನ ಓದಬೇಡ, ನನ್ನ ಜೊತೆಗೇ ಕಳಿಸಿಬಿಡು' ಅಂದಿದ್ಲು ಮಾಸುಕೋ," ಅಂದರು ಅವರು. "ಮೊನ್ನೆ ಅವಳ ಶವಪೆಟ್ಟಿಗೆಯೊಳಗೆ, ಹೂವಿನ ಕೆಳಗೆ, ನಾನೇ ಇಟ್ಟೆ. ಅವಳ ಜೊತೆ ಅದೂ ಸುಟ್ಟುಹೋಯ್ತು."